ಹತ್ತದ ಫೋನು

ರಾಯಚೂರು ಸೀಮೆಯ ಕನ್ನಡದಲ್ಲಿ ‘ಹತ್ತು’ ಎಂಬ ಒಂದೇ ಕ್ರಿಯಾಪದದ ಮೇಲೆ ಅರ್ಧ ಸಂಸಾರ ನಡೆದುಹೋಗುತ್ತದೆ. ಒಲೆ ಹತ್ತುತ್ತದೆ, ಕಂದೀಲು ಹತ್ತುತ್ತದೆ, ಜಿಟಿಜಿಟಿ ಮಳೆ ಹತ್ತುತ್ತದೆ, ಜನ ಬಸ್ಸು ಹತ್ತುತ್ತಾರೆ. ಹುಡುಗರಿಗೆ ಓದು ಹತ್ತುತ್ತದೆ, ಇಲ್ಲವೇ ಹತ್ತುವುದಿಲ್ಲ. ಟೆಲಿಫೋನು ಬಂದಾಗ ಅದಕ್ಕೆಂದು ಬೇರೆ ಮಾತು ಹುಡುಕುವ ತಾಪತ್ರಯವನ್ನು ಯಾರೂ ಹಚ್ಚಿಕೊಳ್ಳಲಿಲ್ಲ. ಕರೆ ಹೋದರೆ ‘ಹತ್ತಿತು’, ಹೋಗದಿದ್ದರೆ ‘ಹತ್ತವಲ್ದು’. ಈಗ ಮೊಬೈಲಿನ ಪರದೆ ಬೆಳಗದಿದ್ದರೂ ಅದೇ ಮಾತು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಆಯಿ, ಈಚಿನ ಒಂದು ಹತ್ತಿ ಸುಗ್ಗಿಯಲ್ಲಿ ಈ ಮಾತನ್ನು ಮೂರು ಊರುಗಳ ಮೂರು ಅಂಗಡಿಗಳಲ್ಲಿ ಹೇಳಬೇಕಾಯಿತು. ‘ಹತ್ತವಲ್ದು ನೋಡಪಾ’ ಎಂದು ಸೆರಗಿನ ಗಂಟು ಬಿಚ್ಚಿ, ಹಳೆಯ ರುಮಾಲಿನಲ್ಲಿ ಸುತ್ತಿದ್ದ ಫೋನನ್ನು ಗಾಜಿನ ಕಟ್ಟೆಯ ಮೇಲೆ ಇಡುತ್ತಿದ್ದಳು. ಪಕ್ಕದಲ್ಲಿ ಆರನೆಯ ತರಗತಿಯ ಮೊಮ್ಮಗಳು ಅಂಗಡಿಯವನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಫೋನು ಹೊಸದಲ್ಲ. ಬೆಂಗಳೂರಿನ ಚಿಕ್ಕಪೇಟೆ ಆಸುಪಾಸಿನಲ್ಲಿ ಭಾನುವಾರ ಬೆಳಿಗ್ಗೆ ನೆಲದ ಮೇಲೆ ಹಾಸಿ ಮಾರುವ ಬಜಾರಿನಲ್ಲಿ ಆಯಿಯ ಮಗ ಎರಡು ಸಾವಿರದ ಇನ್ನೂರು ರೂಪಾಯಿಗೆ ಕೊಂಡದ್ದು. ಬೆನ್ನಿನ ಮುಚ್ಚಳ ಉಗುರಿನಿಂದ ಬಿಚ್ಚಬಹುದಾದ ಹಳೇ ನಮೂನೆ. ಮೂಲೆಯಲ್ಲಿ ಗಾಜು ಸೀಳಿತ್ತು. ಆದರೆ ಕ್ಯಾಮೆರಾ ಚೆನ್ನಾಗಿತ್ತು, ಅವನಿಗೆ ಬೇಕಾದದ್ದೂ ಅದೇ. ಸಿಮೆಂಟು ಹೊರುವವನ ಮೂರೂವರೆ ದಿನದ ಪಗಾರ ಅದಕ್ಕೆ ಹೋಯಿತು.

ದೀಪಾವಳಿ ಕಳೆಯಿತೆಂದರೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಒಂದು ನೋಟ ಕಾಣಸಿಗುತ್ತದೆ. ಬೆಂಗಳೂರು ಬಸ್ಸಿನ ಮುಂದೆ ಹಾಸಿಗೆ ಸುರುಳಿ, ಜೋಳದ ಹಿಟ್ಟಿನ ಚೀಲ, ಒಲೆಯ ಮೇಲಿಂದ ಈಗಷ್ಟೇ ಇಳಿಸಿದಂಥ ಕಪ್ಪು ಪಾತ್ರೆಗಳು, ಅವುಗಳ ನಡುವೆ ನಿದ್ದೆಗಣ್ಣಿನ ಮಕ್ಕಳು. ಇದಕ್ಕೆ ಗುಳೆ ಎನ್ನುತ್ತಾರೆ. ನಾರಾಯಣಪುರ ಬಲದಂಡೆ ಕಾಲುವೆ ತಾಲ್ಲೂಕಿನ ಒಂದಷ್ಟು ಹೊಲಗಳಿಗೆ ನೀರು ಕೊಟ್ಟಿದೆ. ನೀರು ಕಾಣದ ಹೊಲದವರು ಬಸ್ಸು ಹತ್ತುತ್ತಾರೆ. ಕೈಗೂಸನ್ನು ಎತ್ತಿಕೊಂಡು ಹೋಗುತ್ತಾರೆ, ಶಾಲೆಗೆ ಹೋಗುವ ಮಕ್ಕಳನ್ನು ಮುದುಕರ ಹತ್ತಿರ ಬಿಡುತ್ತಾರೆ. ಮುದುಕರಿಲ್ಲದ ಮನೆಯಲ್ಲಿ ಶಾಲೆಯನ್ನೇ ಬಿಡಿಸುತ್ತಾರೆ.

ಈ ಮನೆಯಲ್ಲಿ ಆಯಿ ಇದ್ದಳು. ಮಗ, ಸೊಸೆ, ಎಂಟು ತಿಂಗಳ ಕೂಸು ಬೆಂಗಳೂರಿನ ಒಂದು ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡು ಸೇರಿದರು. ಹುಡುಗಿ ಹೊರಡುವ ರಾತ್ರಿ ರಂಪ ಮಾಡಿದ್ದಳು. ಅವಳಿಗೆ ಅಪ್ಪ ಅವ್ವ ಹೋಗುವುದು ಹೊಸದಲ್ಲ, ತಮ್ಮನನ್ನು ಕರೆದೊಯ್ದದ್ದೇ ಸಂಕಟ. ಆಗ ಆದ ಒಪ್ಪಂದವೇ ಈ ಫೋನು. ಒಂದು ದಿನವೂ ಶಾಲೆ ತಪ್ಪಿಸಬಾರದು, ಪ್ರತಿಯಾಗಿ ದಿನಾ ರಾತ್ರಿ ಒಂಬತ್ತಕ್ಕೆ ತಮ್ಮನ ಮುಖ ತೋರಿಸಬೇಕು. ಎರಡೂ ಕಡೆಯವರು ಹದಿನೈದು ದಿನ ಮಾತಿಗೆ ತಪ್ಪಲಿಲ್ಲ. ಕೂಸಿಗೆ ಕೆಳಗಿನ ಎರಡು ಹಲ್ಲು ಬಂದದ್ದು ಹಳ್ಳಿಗೆ ಅದೇ ರಾತ್ರಿ ಗೊತ್ತಾಯಿತು.

ಆಮೇಲೆ ಫೋನು ಚಾರ್ಜು ಏರಿಸಿಕೊಳ್ಳಲು ಸತಾಯಿಸತೊಡಗಿತು. ವೈರನ್ನು ಹೀಗೆ ತಿರುವಿ ಹಾಗೆ ಒತ್ತಿ, ಮೇಲೊಂದು ಕಲ್ಲು ಹೇರಿಟ್ಟರೆ ಏರುತ್ತಿತ್ತು. ಒಂದು ರಾತ್ರಿ ಅದೂ ನಿಂತು ಪರದೆ ಕಪ್ಪಾಯಿತು. ಗುಂಡಿ ಒತ್ತಿದರೂ ಇಲ್ಲ, ಹಿಡಿದುಕೊಂಡೇ ಕೂತರೂ ಇಲ್ಲ.

ಸಿಮ್ಮನ್ನು ತೆಗೆದು ಮಗ್ಗುಲ ಮನೆಯವರ ಗುಂಡಿಯ ಫೋನಿಗೆ ಹಾಕಿದರೆ ಮಾತು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಹುಡುಗಿ ಎರಡು ರಾತ್ರಿ ಮಾತಾಡಿ ಮೂರನೆಯ ರಾತ್ರಿ ಎದ್ದು ಹೋದಳು. ನಾಲ್ಕನೆಯ ದಿನ ಶಾಲೆಗೆ ಹೋಗಲಿಲ್ಲ. ಮಗ ಅದನ್ನು ಕೇಳಿ, ‘ಬಿಡವ್ವ, ಸಂಕ್ರಾಂತಿಗೆ ಬರ್ತೀನಿ. ಹೊಳ್ಳಿ ಬರೂ ಮುಂದ ಅಕೀನ್ನೂ ಕರ್ಕೊಂಡು ಬರ್ತೀನಿ. ಇಲ್ಲಿ ಕೂಸಿನ್ನ ಹಿಡಿಯಾಕ ಒಬ್ರು ಬೇಕಾಗ್ಯದ’ ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸೊಸೆಯೂ ಇಟ್ಟಿಗೆ ಹೊರುತ್ತಿದ್ದಳು, ಕೂಸನ್ನು ಮರಳಿನ ಗುಡ್ಡೆಯ ನೆರಳಲ್ಲಿ ಮಲಗಿಸುತ್ತಿದ್ದರು. ಅವನ ಲೆಕ್ಕ ಅವನಿಗೆ ಸರಿಯಾಗಿಯೇ ಇತ್ತು. ಹಾಗೆ ಹೋದ ಹುಡುಗಿಯರಲ್ಲಿ ತಿರುಗಿ ಏಳನೆಯ ತರಗತಿಗೆ ಬಂದವರು ಎಷ್ಟು ಜನ ಎಂಬುದು ಆಯಿಗೂ ಗೊತ್ತಿತ್ತು. ಅವಳು ಮರುದಿನ ರುಮಾಲು ಕಟ್ಟಿಕೊಂಡು ಹೊರಟಳು.

ದೇವದುರ್ಗದ ಅಂಗಡಿಯ ಹುಡುಗ ತನ್ನ ಚಾರ್ಜರು ಚುಚ್ಚಿ ಎರಡು ನಿಮಿಷ ಕಾದ. ‘ಬೋರ್ಡ್ ಹೋಗ್ಯದ ಆಯಿ. ನಿಮ್ಮ ಹಳ್ಳಿ ಕರೆಂಟ್ ಹೆಚ್ಚುಕಮ್ಮಿ ಆಗಿ ಸುಟ್ಟಿರ್ತದ. ಹೊಸಾದು ತಗೋರಿ’ ಎಂದ. ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯಲ್ಲಿ, 1985ರಲ್ಲಿ ಮೊದಲ ಘಟಕ ಶುರುವಾಗಿ ಮುಂದೆ 1720 ಮೆಗಾವಾಟ್‌ವರೆಗೆ ಬೆಳೆದ ಉಷ್ಣವಿದ್ಯುತ್ ಸ್ಥಾವರವಿದೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆಯಲ್ಲೇ ಏನು ಕೆಟ್ಟರೂ ಮೊದಲ ಆರೋಪಿ ಕರೆಂಟು!

ಎರಡನೆಯ ಅಂಗಡಿ ಮಾನ್ವಿಯಲ್ಲಿ. ದಾಸರ ಊರಾದ ಮಾನ್ವಿಯಲ್ಲಿ ಆಯಿಯ ತಂಗಿಯ ಮನೆಯಿದೆ. ಸಿರವಾರದ ಮೇಲೆ ಹಾದು ಹೋಗಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿರದಿದ್ದರೆ ಈ ತಿರುಗಾಟವೇ ಆಗುತ್ತಿರಲಿಲ್ಲ. ಅಲ್ಲಿಯ ಅಂಗಡಿಯವ ಎರಡು ದಿನ ಇಟ್ಟುಕೊಂಡು, ‘ಚಾರ್ಜಿಂಗ್ ಐಸಿ ಬದಲಿ ಮಾಡಬೇಕು, ಸಾವಿರದ ಎಂಟುನೂರು’ ಎಂದ. ಆಯಿ ಕೈಯಲ್ಲಿದ್ದ ಬಳೆ ನೋಡಿಕೊಂಡಳು. ತಂಗಿ ಬೈದು ಬಿಡಿಸಿದಳು.

ಈ ಹುಡುಗರನ್ನು ಮೋಸಗಾರರು ಎಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಮೂರು ತಿಂಗಳ ಕಲಿಕೆ, ಅಂಗಡಿಯ ಬಾಡಿಗೆ, ಎದುರಿಗೆ ಗಿರಾಕಿಗಳ ಸಾಲು. ಪರದೆ ಒಡೆದರೆ ಪರದೆ, ಬ್ಯಾಟರಿ ಉಬ್ಬಿದರೆ ಬ್ಯಾಟರಿ, ಮಿಕ್ಕದ್ದೆಲ್ಲ ‘ಬೋರ್ಡು’. ಹಿಂದೆ ಹಳ್ಳಿಯಲ್ಲಿ ಕಾರಣ ತಿಳಿಯದ ಕಾಯಿಲೆಗೆಲ್ಲ ‘ಗಾಳಿ’ ಎನ್ನುತ್ತಿದ್ದರು. ಈಗ ಬೋರ್ಡು ಎನ್ನುತ್ತಾರೆ. ಗಾಳಿ ಬಿಡಿಸಲು ಕೊನೆಗೆ ಒಂದು ತೆಂಗಿನಕಾಯಿಯಾದರೂ ಸಾಕಾಗುತ್ತಿತ್ತು.

ತಂಗಿಯ ಗಂಡನೇ ರಾಯಚೂರಿನ ಮುದುಕನೊಬ್ಬನ ವಿಷಯ ಹೇಳಿದ್ದು. ಅವನ ಅಂಗಡಿ ತೀನ್ ಕಂದೀಲ್ ಹತ್ತಿರದ ಒಂದು ಸಂದಿಯಲ್ಲಿ. ಮೂರು ಕಂದೀಲುಗಳ ಹೆಸರು ಹೊತ್ತ ಆ ಬಜಾರಿನಲ್ಲಿ ಈಗ ಹಗಲಿಗೂ ಬಲ್ಬು ಉರಿಯುತ್ತವೆ. ಅಂಗಡಿ ಎಂದರೆ ಒಬ್ಬ ಮನುಷ್ಯ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕಾದಷ್ಟು ಜಾಗ. ಗೋಡೆಯ ಹಲಗೆಗಳ ಮೇಲೆ ಮಾಲೀಕರು ಮರೆತುಹೋದ ರೇಡಿಯೋಗಳು, ಹೊಟ್ಟೆ ತೆರೆದ ಟೇಪ್ ರೆಕಾರ್ಡರುಗಳು. ಅವುಗಳ ಕೆಳಗೆ ಅರವತ್ತೈದು ದಾಟಿದ, ಗಡ್ಡ ಬೆಳ್ಳಗಾದ ಉಸ್ತಾದ್.

ಉಸ್ತಾದನ ಬದುಕೇ ಈ ಸೀಮೆಯ ಯಂತ್ರಗಳ ಚರಿತ್ರೆ. 1966ರಲ್ಲಿ ಕಲಬುರ್ಗಿ ಆಕಾಶವಾಣಿ ಶುರುವಾಗಿ ಮನೆಮನೆಗೆ ರೇಡಿಯೋ ಬಂದಾಗ ಅವನು ಚಿಕ್ಕ ಹುಡುಗ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದ ಪ್ರಯೋಗ ನಡೆಯಿತಲ್ಲ, ಅದಕ್ಕೆ ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ದೊಡ್ಡ ಪಟ್ಟಣಗಳೇ ಟಿ.ವಿ. ಕಾಣದ ಕಾಲದಲ್ಲಿ ಇಲ್ಲಿಯ ಹಳ್ಳಿಗಳಲ್ಲಿ ಕೋಳಿಬಲೆಯಂಥ ಜಾಲರಿಯ ದೊಡ್ಡ ಛತ್ರಿಗಳು ಆಕಾಶಕ್ಕೆ ಮುಖ ಮಾಡಿ ನಿಂತವು. ಅಂಥ ಒಂದು ಪೆಟ್ಟಿಗೆ ಕೆಟ್ಟಾಗ ಜೀಪಿನಲ್ಲಿ ಬಂದವರು ಬೆನ್ನು ಬಿಚ್ಚಿ ರಿಪೇರಿ ಮಾಡಿದ್ದನ್ನು ಗುಂಪಿನಲ್ಲಿ ನುಸುಳಿ ನೋಡಿದ ಹುಡುಗ ಮರುವರ್ಷ ರೇಡಿಯೋ ಅಂಗಡಿಯಲ್ಲಿ ಕಸಗುಡಿಸುವ ಕೆಲಸಕ್ಕೆ ಸೇರಿಕೊಂಡ. ರೇಡಿಯೋ ಹೋಗಿ ಟೇಪ್ ರೆಕಾರ್ಡರು, ಅದು ಹೋಗಿ ಬಣ್ಣದ ಟಿ.ವಿ., ಅದೂ ಹೋಗಿ ಮೊಬೈಲು. ಬಿಡಿಭಾಗಗಳಿಗೆ ಮಾತ್ರ ಇಂದಿಗೂ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೇ ಹೋಗಿಬರುತ್ತಾನೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದು ಹತ್ತಿರ.

ವಾಲ್ವ್ ರೇಡಿಯೋದ ವಿಷಯ ಎತ್ತಿದರೆ ಅವನ ಮುಖ ಅರಳುತ್ತದೆ. ಅದರೊಳಗಿನ ತಂತಿ ಕೆಂಪಗೆ ಹೊಳೆಯುವುದು ಹಿಂದಿನ ತೂತುಗಳಿಂದ ಕಣ್ಣಿಗೆ ಕಾಣುತ್ತಿತ್ತು. ಹತ್ತಿದೆಯೋ ಇಲ್ಲವೋ ಎಂದು ಕೇಳಬೇಕಾದದ್ದೇ ಇರಲಿಲ್ಲ. ಈಗಿನ ಯಂತ್ರಗಳು ಬದುಕಿದ್ದಾಗಲೂ ಸತ್ತಾಗಲೂ ಒಂದೇ ಮುಖ ಮಾಡುತ್ತವೆ ಎಂಬುದು ಅವನ ದೂರು.

ಆಯಿ ರುಮಾಲು ಬಿಚ್ಚಿದಳು. ‘ಹತ್ತವಲ್ದು ಸಾಹೇಬ್ರ. ಬೋರ್ಡ್ ಹೋಗ್ಯದಂತ.’

‘ಯಾರು ಅಂದ್ರು?’

‘ಇಬ್ರು ಅಂದ್ರು.’

‘ಅವ್ರು ಬೋರ್ಡಿನ ಮಾರಿ ನೋಡ್ಯಾರೇನು?’ ಎಂದು ಉಸ್ತಾದ್ ಮುಚ್ಚಳ ಬಿಚ್ಚಿದ. ‘ಕುಂದ್ರಿ ಅಮ್ಮಾ. ಮೊದಲ ಇದು ಹೇಳ್ರಿ, ಬಿಲ್ ಅದಏನು?’

ಬಿಲ್ಲು ಎಲ್ಲಿಂದ ಬರಬೇಕು! ನೆಲದ ಮೇಲಿನ ಬಜಾರಿನಲ್ಲಿ ಬಿಲ್ಲು ಕೊಡುವುದಿಲ್ಲ. ಉಸ್ತಾದ್ ಬ್ಯಾಟರಿ ತೆಗೆದ. ಅದರ ಕೆಳಗಿನ ಚೀಟಿಯಲ್ಲಿ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ, ಪ್ರತಿ ಫೋನಿಗೂ ಬೇರೆ. ಕಳುವಾದ ಫೋನುಗಳ ಸಂಖ್ಯೆಯನ್ನು ದೇಶವೆಲ್ಲ ತಡೆಹಿಡಿಯುವ, ಹಳೇ ಫೋನು ಕೊಳ್ಳುವವರು ಪರೀಕ್ಷಿಸಿಕೊಳ್ಳುವ ಸಂಚಾರ್ ಸಾಥಿ ಎಂಬ ಸರ್ಕಾರಿ ವ್ಯವಸ್ಥೆ 2023ರಲ್ಲಿ ಬಂದಿದೆ. ಉಸ್ತಾದ್ ಕನ್ನಡಕ ಏರಿಸಿ ಒಂದೊಂದೇ ಅಂಕಿಯನ್ನು ತನ್ನ ಫೋನಿಗೆ ಒತ್ತತೊಡಗಿದ. ಆಯಿಗೆ ವಿಷಯ ತಿಳಿದು ಮುಖ ಕೆಂಪಾಯಿತು. ‘ನನ್ನ ಮಗ ಕಳ್ಳ ಅಲ್ಲರೀ. ರೊಕ್ಕ ಕೊಟ್ಟು ತಂದಾನ.’

‘ನಿಮ್ಮ ಮಗ ಅಲ್ಲಮ್ಮಾ. ನಿಮ್ಮ ಮಗನಿಗೆ ಮಾರಿದಾವ ಯಾರೋ ಏನೋ.’

ಆ ಚಕ್ರ ತಿರುಗುವ ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಹುಡುಗಿ ಮಾತ್ರ ಬೆರಳಿನಿಂದ ಕಟ್ಟೆಯ ಗಾಜನ್ನು ಕೆರೆಯುತ್ತಿದ್ದಳು. ಕಳುವಿನ ಮಾಲೆಂದು ಬಂದಿದ್ದರೆ ಉಸ್ತಾದ್ ಮುಟ್ಟುವವನಲ್ಲ, ಪೊಲೀಸ್ ಠಾಣೆಯ ದಾರಿ ತೋರಿಸುವವನು. ದೂರು ಇಲ್ಲ ಎಂದು ಬಂತು. ಅವನು ಸಂಖ್ಯೆಯನ್ನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಂಡು ಕೆಲಸಕ್ಕೆ ಕೈಹಚ್ಚಿದ.

ಬ್ಯಾಟರಿಯನ್ನು ಗಾಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿದ. ಉಬ್ಬಿದ್ದರೆ ಅದು ಬುಗುರಿಯಂತೆ ತಿರುಗುತ್ತದೆ, ಮಟ್ಟಸವಾಗಿದ್ದರೆ ಜಾರಿ ನಿಲ್ಲುತ್ತದೆ. ನಿಂತಿತು. ಮೀಟರಿನ ಎರಡು ಕಡ್ಡಿ ಹಿಡಿದ, ಮುಳ್ಳು ಅಲುಗಲಿಲ್ಲ. ಆಯಿ ನಿಟ್ಟುಸಿರಿಟ್ಟಳು. ಅವನು ಲೆಕ್ಕಿಸಲಿಲ್ಲ. ಈ ಲಿಥಿಯಂ ಬ್ಯಾಟರಿಗಳ ನೆತ್ತಿಯಲ್ಲಿ ಒಂದು ಸಣ್ಣ ಕಾವಲು ಸರ್ಕೀಟು ಇರುತ್ತದೆ. ತುಂಬಿದಾಗ 4.2 ವೋಲ್ಟ್ ಇರುವ ಬ್ಯಾಟರಿ ಬರಿದಾಗುತ್ತ ತೀರಾ ಕೆಳಗಿಳಿದರೆ ಅದು ಬಾಗಿಲು ಹಾಕಿಬಿಡುತ್ತದೆ. ಒಳಗೆ ಇನ್ನೂ ಒಂದಿಷ್ಟು ಜೀವವಿದ್ದರೂ ಹೊರಗೆ ಸೊನ್ನೆ ಕಾಣುತ್ತದೆ. ಬ್ಯಾಟರಿ ಹಾಳಾಗದಿರಲೆಂದು ಇಟ್ಟ ಏರ್ಪಾಡು ಅದು.

ಹಾಗಾದರೆ ಬೋರ್ಡು? ಅದನ್ನೂ ಕೇಳಬೇಕಲ್ಲ. ಬ್ಯಾಟರಿಯನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲಿನ ಪವರ್ ಸಪ್ಲೈ ಪೆಟ್ಟಿಗೆಯಿಂದ ಎರಡು ತಂತಿ ಎಳೆದು ನಾಲ್ಕು ವೋಲ್ಟನ್ನು ನೇರವಾಗಿ ಫೋನಿಗೇ ಕೊಟ್ಟ. ಗುಂಡಿ ಒತ್ತುವ ಮೊದಲೇ ಕರೆಂಟಿನ ಮುಳ್ಳು ಎದ್ದು ಕೂತರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಆಗ ನಿಜವಾಗಿಯೂ ಬೋರ್ಡಿನ ಮಾತು. ಮುಳ್ಳು ಸುಮ್ಮನಿತ್ತು. ಗುಂಡಿ ಒತ್ತಿದ. ಮುಳ್ಳು ಒಂದಿಷ್ಟು ಎದ್ದಿತು, ತಡೆಯಿತು, ಮತ್ತೆ ಎದ್ದಿತು. ಪರದೆ ಬೆಳಗಿತು.

ಹುಡುಗಿ ಕೂಗಿದ ಕೂಗಿಗೆ ಎದುರಿನ ಬಳೆ ಅಂಗಡಿಯವರು ಇಣುಕಿ ನೋಡಿದರು. ಪರದೆಯ ಮೇಲೆ ತಮ್ಮನ ಚಿತ್ರವಿತ್ತು, ಬಾಯಲ್ಲಿ ಬೆರಳಿಟ್ಟುಕೊಂಡದ್ದು. ಉಸ್ತಾದ್ ತಂತಿ ಕಿತ್ತ, ಮತ್ತೆ ಕಪ್ಪಾಯಿತು. ‘ಇನ್ನೂ ಮುಗಿದಿಲ್ಲ ಬೇಟಾ. ಹೊಲ ಸತ್ತಿಲ್ಲ ಅಂತ ಗೊತ್ತಾತು, ಅಷ್ಟ. ಕಾಲುವಿ ಕೊನೀಗೆ ನೀರು ಬರಲಿಲ್ಲಂದ್ರ ಹೊಲದಾಗ ಕುಂತು ಅತ್ತರ ಏನು ಬಂತು? ಮ್ಯಾಲ ಎಲ್ಲಿ ಒಡ್ಡು ಬಿದ್ದದ, ಹುಡಿಕ್ಕೋತ ಹೋಗಬೇಕು.’ ಮಾನ್ವಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ತಂಗಿಯ ಮನೆಯವರ ಎರಡೆಕರೆ ಇದ್ದದ್ದರಿಂದ ಆಯಿಗೆ ಈ ಮಾತು ಬೇರೆಲ್ಲ ಮಾತುಗಳಿಗಿಂತ ಚೆನ್ನಾಗಿ ತಿಳಿಯಿತು.

ಬ್ಯಾಟರಿಗೆ ಅದೇ ತಂತಿಗಳಿಂದ ಕೆಲವು ಕ್ಷಣ, ಅಳೆದು ತೂಗಿ, ಸಣ್ಣ ಕರೆಂಟು ಮುಟ್ಟಿಸಿದ. ಮೀಟರು ಮೂರು ವೋಲ್ಟಿನ ಹತ್ತಿರ ತೋರಿಸಿತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದ, ಇಳಿದಿರಲಿಲ್ಲ. ಇಳಿದಿದ್ದರೆ ಎಸೆಯುತ್ತಿದ್ದ. ಸತ್ತ ಬ್ಯಾಟರಿಯನ್ನು ಒತ್ತಾಯದಿಂದ ಎಬ್ಬಿಸಿದರೆ ಕಾದು ಬೆಂಕಿ ಹತ್ತುತ್ತದೆ, ಮನೆಯಲ್ಲಿ ಯಾರೂ ಮಾಡಬಾರದು ಎಂದು ಹುಡುಗಿಗೆ ಎರಡು ಸಲ ಹೇಳಿದ. ಫೋನಿಗೆ ಸೇರಿಸಿ ಚಾರ್ಜರು ಚುಚ್ಚಿದ. ಚಾರ್ಜು ಏರಲಿಲ್ಲ.

ಈಗ ಒಡ್ಡು ಎಲ್ಲಿದೆ ಎಂಬುದು ಅವನಿಗೆ ಗೊತ್ತಾಗಿಹೋಗಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಾರ್ಜಿಂಗಿನ ತೂತಿನೊಳಗೆ ನೋಡಿದ. ಬಿದಿರಿನ ಹಲ್ಲುಕಡ್ಡಿಯ ತುದಿ ಹರಿತ ಮಾಡಿ ಒಳಗಿಟ್ಟು ಮೆಲ್ಲಗೆ ಎಳೆದ. ಬಂತು, ಎಳ್ಳುಕಾಳಿನಷ್ಟು, ಗಟ್ಟಿಯಾಗಿ ಒತ್ತಿ ಕೂತ ಬೂದುಬಣ್ಣದ ಅರಳೆ. ಮತ್ತೆ ಇಟ್ಟ, ಮತ್ತೊಂದು ಎಳೆ. ಮೂರನೆಯದರ ಜೊತೆ ಹತ್ತಿಕಾಯಿಯ ಒಣ ಸಿಪ್ಪೆಯ ಚೂರು.

‘ಹತ್ತಿ ಬಿಡಿಸಾಕ ಹೋಗಿದ್ರೇನು?’

ಹೋಗಿದ್ದರು. ಎರಡು ಭಾನುವಾರ ಆಯಿಯ ಜೊತೆ ಹುಡುಗಿಯೂ ಹೋಗಿದ್ದಳು. ತಮ್ಮನ ಕರೆ ಯಾವಾಗ ಬಂದೀತೋ ಎಂದು ಫೋನನ್ನು ಉಡಿಯಲ್ಲೇ ಇಟ್ಟುಕೊಂಡಿದ್ದಳು. ಬಿಡಿಸಿದ ಹತ್ತಿಯನ್ನು ಹಾಕಿಕೊಳ್ಳುವುದೂ ಅದೇ ಉಡಿಗೆ. ರಾತ್ರಿ ಚಾರ್ಜಿಗೆ ಹಾಕುವಾಗ ಪಿನ್ನು ಆ ಅರಳೆಯನ್ನು ದಿನಕ್ಕಿಷ್ಟರಂತೆ ಒಳಗೆ ದಟ್ಟಿಸುತ್ತ ಹೋಗಿತ್ತು. ದೇವದುರ್ಗದ ಹುಡುಗನೂ ಮಾನ್ವಿಯವನೂ ಚಾರ್ಜರು ಚುಚ್ಚಿದ್ದು ಆ ಅರಳೆಯ ಮೇಲೆಯೇ.

ಈ ಸಲ ಚಾರ್ಜರು ಹಾಕಿದಾಗ ಖಾಲಿ ಬ್ಯಾಟರಿಯ ಚಿತ್ರ ಮೂಡಿತು. ಉಸ್ತಾದ್ ಎಪ್ಪತ್ತು ರೂಪಾಯಿ ಕೇಳಿದ. ಆಯಿ ಐವತ್ತು ಕೊಟ್ಟಳು. ಅವನು ಬೇಡವೆನ್ನಲಿಲ್ಲ, ಆದರೆ ಬ್ಯಾಟರಿ ಹಳೆಯದಾಗಿದೆ, ಬೇಸಿಗೆಗೆ ತಡೆಯಲಿಕ್ಕಿಲ್ಲ, ದಿಂಬಿನ ಕೆಳಗೆ ಇಡಬೇಡಿ ಎಂದು ಎಚ್ಚರಿಸಿ, ತನ್ನ ಡ್ರಾಯರಿನಿಂದ ಒಂದು ಹಳೇ ಕನ್ನಡಕದ ಡಬ್ಬಿ ಹುಡುಕಿ ಹುಡುಗಿಗೆ ಕೊಟ್ಟ. ಫೋನು ಅದರಲ್ಲಿ ಸರಿಯಾಗಿ ಕೂರಲಿಲ್ಲ. ಅವಳು ಮುಚ್ಚಳಕ್ಕೆ ತನ್ನ ರಿಬ್ಬನ್ನು ಬಿಗಿದಳು.

ಅಲ್ಲಿಂದಲೇ ಒಂದು ಕರೆ ಮಾಡಿದರು. ಹೋಯಿತು, ಯಾರೂ ಎತ್ತಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಕೆಲಸದ ಹೊತ್ತು. ಹತ್ತಿ ಹೇರಿದ ಲಾರಿಗಳ ಹಿಂದೆ ಸಿಕ್ಕಿಕೊಂಡ ಬಸ್ಸು ಅವರನ್ನು ಊರಿಗೆ ಮುಟ್ಟಿಸಿದಾಗ ದೀಪ ಹತ್ತಿದ್ದವು.

ಒಂಬತ್ತಕ್ಕೆ ಕರೆ ಬಂತು. ಕೂಸು ಪರದೆಯನ್ನು ನೆಕ್ಕಲು ನೋಡಿತು. ಹದಿನೆಂಟು ದಿನದಲ್ಲಿ ಮೇಲಿನ ಹಲ್ಲೂ ಕಂಡಿತ್ತು. ಹುಡುಗಿ ಅದಕ್ಕೆ ಕನ್ನಡಕದ ಡಬ್ಬಿ ತೋರಿಸಿದಳು, ರಿಬ್ಬನ್ನು ತೋರಿಸಿದಳು, ಆ ದಿನ ತಪ್ಪಿದ ಗಣಿತದ ಪಾಠವನ್ನೂ ತೋರಿಸಹೊರಟಳು. ಕೊನೆಗೆ ಮಗನ ಮುಖ ಬಂತು. ಆಯಿ ಫೋನು ಇಸಿದುಕೊಂಡಳು. ಉಂಡಿರೇನು, ಹೊದಿಕೆ ಅದಾವೇನು ಎಂದೆಲ್ಲ ಕೇಳಿದಳು. ಮಗ ಎಲ್ಲದಕ್ಕೂ ಹೂಂ ಎಂದು, ‘ಅವ್ವ, ಸಂಕ್ರಾಂತಿಗೆ ಬಂದಾಗ ಹುಡಿಗೀನ್ನ ಕರ್ಕೊಂಡು ಬರೂದು…’ ಎಂದು ಶುರು ಮಾಡಿದ.

‘ಹಲೋ,’ ಎಂದಳು ಆಯಿ. ‘ಹಲೋ? ಏನಂದೀ? ಕೇಳಸವಲ್ದು ನೋಡಪಾ.’ ಪರದೆಯಲ್ಲಿ ಮಗನ ಮುಖ ನಿಚ್ಚಳವಾಗಿತ್ತು, ಮಾತೂ ಮಗ್ಗುಲ ಮನೆಗೆ ಕೇಳುವಷ್ಟು ಗಟ್ಟಿಯಾಗಿತ್ತು. ಆಯಿ ಕೆಂಪು ಗುಂಡಿ ಯಾವುದೆಂದು ಮೊಮ್ಮಗಳನ್ನು ಕೇಳಿ ತಿಳಿದುಕೊಂಡು ಒತ್ತಿದಳು.